ದಕ್ಷಿಣೆಯ ಹಣ, ಶಿಷ್ಯರ ಋಣ

ಕಾಳಿದಾಸನ ರಘುವಂಶದ ಐದನೆಯ ಸರ್ಗದಲ್ಲಿ ಕೌತ್ಸನೆಂಬ ಶಿಷ್ಯನ ಪ್ರಸಂಗವೊಂದು ಬರುತ್ತದೆ. ವರತಂತು ಮಹರ್ಷಿಯಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿದ ಆತ, ಗುರುದಕ್ಷಿಣೆಯಾಗಿ ಏನನ್ನು ಸಮರ್ಪಿಸಲಿ ಎಂದು ಕೇಳುತ್ತಾನೆ. ಇಷ್ಟು ಕಾಲ ನೀನು ಮಾಡಿದ ಶುಶ್ರೂಷೆಯೇ ನನಗೆ ದಕ್ಷಿಣೆ, ಹೋಗಿ ಬಾ ಎನ್ನುತ್ತಾನೆ ಗುರು. ಶಿಷ್ಯ ಬಿಡಲೊಲ್ಲ. ಮತ್ತೆ ಮತ್ತೆ ಕಾಡಿದಾಗ ಋಷಿಗೆ ಕೋಪ ಬಂದು, ಕಲಿತ ಹದಿನಾಲ್ಕು ವಿದ್ಯೆಗಳಿಗೆ ಹದಿನಾಲ್ಕು ಕೋಟಿ ತಂದೊಪ್ಪಿಸು ಎಂದುಬಿಡುತ್ತಾನೆ. ಬರಿಗೈಯ ಬ್ರಹ್ಮಚಾರಿ ರಘುಮಹಾರಾಜನ ಬಾಗಿಲಿಗೆ ಬರುತ್ತಾನೆ. ಬಂದು ನೋಡಿದರೆ, ವಿಶ್ವಜಿತ್ ಯಾಗದಲ್ಲಿ ಸರ್ವಸ್ವವನ್ನೂ ದಾನ ಮಾಡಿದ ದೊರೆ ಮಣ್ಣಿನ ಪಾತ್ರೆಯಲ್ಲಿ ಅರ್ಘ್ಯವನ್ನು ಹಿಡಿದು ನಿಂತಿದ್ದಾನೆ! ಮುಂದಿನ ಕಥೆ ಸಹೃದಯರಿಗೆ ತಿಳಿದದ್ದೇ: ಕುಬೇರನು ಹೊನ್ನಿನ ಮಳೆಯನ್ನು ಸುರಿಸಿದ, ಕೌತ್ಸನು ಗುರುವಿಗೆ ಸಲ್ಲಬೇಕಾದಷ್ಟನ್ನು ಮಾತ್ರ ತೆಗೆದುಕೊಂಡು ಹೊರಟ.

ಈ ಪ್ರಸಂಗವನ್ನು ಓದಿದವರು ಸಾಮಾನ್ಯವಾಗಿ ರಘುವಿನ ಔದಾರ್ಯವನ್ನು ಕೊಂಡಾಡುತ್ತಾರೆ. ಪಾಠ ಹೇಳಿ ಹೊಟ್ಟೆ ಹೊರೆಯುವ ನಮ್ಮಂಥವರ ಕಣ್ಣಿಗೆ ಬೀಳುವುದು ಬೇರೊಂದು ಅಂಶ. ಗುರು ಬಿಟ್ಟರೂ ಶಿಷ್ಯ ಬಿಡಲಿಲ್ಲ ಎಂಬುದೇ ಅದು. ನಿನ್ನ ಲೆಕ್ಕ ತೀರಿತು ಎಂದು ಕೊಟ್ಟವನೇ ಹೇಳಿದ ಮೇಲೂ, ಇಲ್ಲ, ನನ್ನ ಲೆಕ್ಕ ಇನ್ನೂ ತೀರಿಲ್ಲ ಎನ್ನುವವನು ಅಪರೂಪದ ಸಾಲಗಾರ. (ಋಷಿಗೆ ಸಿಟ್ಟೇಕೆ ಬಂತು ಎಂಬುದೂ ಅಧ್ಯಾಪಕರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಪಾಠ ಮುಗಿದ ಮೇಲೂ ಎದ್ದುಹೋಗದ ಶಿಷ್ಯನಿಂದ ಎಂಥ ಶಾಂತಮೂರ್ತಿಗೂ ಬೇಸರವಾಗುವುದುಂಟು!)

ಇಂದು ಗುರುವೆಂದರೆ ಒಬ್ಬ ವ್ಯಕ್ತಿಯಲ್ಲ. ಆಶ್ರಮದ ಜಾಗದಲ್ಲಿ ಕಾಲೇಜು ನಿಂತಿದೆ. ಒಬ್ಬ ವಿದ್ಯಾರ್ಥಿಗೆ ಮೂರು ವರ್ಷಗಳಲ್ಲಿ ಇಪ್ಪತ್ತು ಮಂದಿ ಪಾಠ ಹೇಳಿರುತ್ತಾರೆ. ಅವರಲ್ಲಿ ಕೆಲವರು ವರ್ಗವಾಗಿ ಹೋಗಿರುತ್ತಾರೆ, ಕೆಲವರು ನಿವೃತ್ತರಾಗಿರುತ್ತಾರೆ, ಕೆಲವರು ತೀರಿಯೇ ಹೋಗಿರುತ್ತಾರೆ. ಉಳಿಯುವುದು ಕಟ್ಟಡ, ಹೆಸರು, ಅಂಗಳದ ಮರ. ಇವಕ್ಕೆ ದಕ್ಷಿಣೆಯನ್ನು ಕೊಡುವುದು ಹೇಗೆ? ಈ ಪ್ರಶ್ನೆಗೆ ನಮ್ಮ ಕಾಲ ಕಂಡುಕೊಂಡ ಉತ್ತರವೇ ಹಳೆಯ ವಿದ್ಯಾರ್ಥಿಗಳ ಸಂಘ.

ಇಂಥ ಸಂಘಗಳ ವಾರ್ಷಿಕ ಸಮ್ಮಿಲನವನ್ನು ಕಾಣದ ಕಾಲೇಜು ಅಧ್ಯಾಪಕನಿಲ್ಲ. ತಲೆ ನೆರೆತವರು, ಕನ್ನಡಕ ಬದಲಿಸಿದವರು, ಕೋಲೂರಿ ಬಂದವರು ಒಬ್ಬರನ್ನೊಬ್ಬರು ಗುರುತಿಸಲು ಹೆಣಗಿ, ಗುರುತಿಸಿದ ಕೂಡಲೇ ಐವತ್ತು ವರ್ಷಗಳ ಹಿಂದಿನ ಅಡ್ಡಹೆಸರಿನಿಂದ ಕೂಗಿಕೊಳ್ಳುತ್ತಾರೆ. ಬೆಂಚಿನ ಮೇಲೆ ಕೆತ್ತಿದ್ದ ತಮ್ಮ ಹೆಸರನ್ನು ಹುಡುಕಲು ಹೋದವರು ಬೆಂಚೇ ಇಲ್ಲವೆಂದು ಮರಳುತ್ತಾರೆ. ಬದುಕಿರುವ ಇಬ್ಬರು ಮೂವರು ಗುರುಗಳಿಗೆ ಶಾಲು ಹೊದಿಸಿ ಫಲತಾಂಬೂಲವನ್ನು ಕೊಡುತ್ತಾರೆ. ನಮ್ಮ ಕಾಲದ ಶಿಸ್ತು ಈಗ ಎಲ್ಲಿದೆ ಎಂಬ ಮಾತು ವೇದಿಕೆಯ ಮೇಲೆ ಒಮ್ಮೆಯಾದರೂ ಬರಲೇಬೇಕು. ಊಟವಾಗುತ್ತದೆ, ಗುಂಪಿನ ಚಿತ್ರ ತೆಗೆಸಿಕೊಳ್ಳುವುದಾಗುತ್ತದೆ, ಮುಂದಿನ ವರ್ಷ ಏನಾದರೂ ಮಾಡೋಣ ಎಂಬ ನಿರ್ಧಾರವೂ ಆಗುತ್ತದೆ. ಇದನ್ನು ಹಾಸ್ಯಕ್ಕಾಗಿ ಹೇಳುತ್ತಿಲ್ಲ. ಅರವತ್ತು ದಾಟಿದವನು ಅರ್ಧ ದಿನದ ಮಟ್ಟಿಗಾದರೂ ಹದಿನೆಂಟರವನಾಗುವುದು ಸಣ್ಣ ಸಂಗತಿಯಲ್ಲ. ಆದರೆ ಅದು ಆತ ತನಗೆ ತಾನೇ ಕೊಟ್ಟುಕೊಂಡ ಉಡುಗೊರೆ. ಕಾಲೇಜಿಗೆ ಕೊಟ್ಟ ದಕ್ಷಿಣೆಯಲ್ಲ. ಇತ್ತೀಚಿನ ವರ್ಷಗಳಲ್ಲಂತೂ ನ್ಯಾಕ್ ಪರಿಷತ್ತಿನ ಮೌಲ್ಯಮಾಪನದಲ್ಲಿ ಹಳೆಯ ವಿದ್ಯಾರ್ಥಿಗಳ ಸಹಭಾಗಿತ್ವಕ್ಕೂ ಒಂದು ಸ್ಥಾನ ದೊರೆತ ಮೇಲೆ, ಸಂಘಗಳು ಅವಸರವಸರವಾಗಿ ನೋಂದಣಿಯಾದದ್ದನ್ನು ಬಲ್ಲೆವು. ಪರಿಶೀಲನಾ ತಂಡ ಬಂದು ಹೋದ ಮೇಲೆ ಅವುಗಳಲ್ಲಿ ಎಷ್ಟು ಸಭೆ ಸೇರಿದುವೆಂಬುದನ್ನು ಕೇಳದಿರುವುದೇ ಲೇಸು.

ಹಾಗಾದರೆ ಇಂಥ ಸಂಘವೊಂದು ನಿಜವಾಗಿ ಮಾಡಬಹುದಾದ ಕೆಲಸವಾವುದು? ಇದಕ್ಕೆ ಉತ್ತರವಾಗಿ ಪುಣೆಯ ಡೆಕ್ಕನ್ ಕಾಲೇಜಿನ ಕಥೆಯನ್ನು ಇಲ್ಲಿ ನೆನೆಯಬೇಕೆನಿಸುತ್ತದೆ. ಮುಚ್ಚಿಹೋಗಿದ್ದ ಕಾಲೇಜೊಂದನ್ನು ಅದರ ಹಳೆಯ ವಿದ್ಯಾರ್ಥಿಗಳು ಮತ್ತೆ ತೆರೆಯಿಸಿದ ಕಥೆ ಇದು. ನೆರೆನಾಡಿನ ಕಥೆಯಾದರೂ ಕನ್ನಡಿಗರಿಗೆ ಪರಕೀಯವಲ್ಲ. ೧೯೧೭ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಗುವವರೆಗೆ, ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳ ತರುಣರು ಪದವಿಗಾಗಿ ಹೆಚ್ಚಾಗಿ ಪುಣೆ, ಮುಂಬಯಿಗಳ ಕಡೆಗೇ ಮುಖ ಮಾಡಬೇಕಾಗಿತ್ತು. ಉಪನಿಷತ್ತುಗಳ ತತ್ತ್ವವನ್ನು ಕುರಿತ ಮಹಾಗ್ರಂಥದಿಂದ ಜಗದ್ವಿಖ್ಯಾತರಾದ, ನಿಂಬಾಳದ ಗುರುದೇವರೆಂದು ನಮ್ಮ ಬಿಜಾಪುರ ಸೀಮೆಯ ಜನ ಇಂದಿಗೂ ಭಕ್ತಿಯಿಂದ ನೆನೆಯುವ, ಜಮಖಂಡಿಯ ರಾಮಚಂದ್ರ ದತ್ತಾತ್ರೇಯ ರಾನಡೆಯವರು ಓದಿದ್ದು ಈ ಡೆಕ್ಕನ್ ಕಾಲೇಜಿನಲ್ಲಿಯೇ.

ಈ ಕಾಲೇಜಿನ ಹುಟ್ಟೇ ದಕ್ಷಿಣೆಯ ಹಣದಿಂದ ಆದದ್ದು. ಮರಾಠರ ಸೇನಾಪತಿ ಖಂಡೇರಾವ್ ದಾಭಾಡೆ ಆರಂಭಿಸಿ ಪೇಶ್ವೆಗಳು ಮುಂದುವರಿಸಿದ ಒಂದು ಪದ್ಧತಿಯಂತೆ, ವರ್ಷಕ್ಕೊಮ್ಮೆ ಶ್ರಾವಣದಲ್ಲಿ ದೇಶದ ನಾನಾ ಕಡೆಗಳಿಂದ ಬಂದ ವಿದ್ವಾಂಸರಿಗೆ ಪುಣೆಯಲ್ಲಿ ದಕ್ಷಿಣೆ ಹಂಚಲಾಗುತ್ತಿತ್ತು. ಕೊನೆಕೊನೆಗೆ ವಿದ್ವತ್ತಿನ ಪರೀಕ್ಷೆ ಸಡಿಲವಾಗಿ, ಬಂದವರಿಗೆಲ್ಲ ಹಂಚುವ ಸಂತರ್ಪಣೆಯಾಗಿ ಅದು ಇಳಿದಿತ್ತು. ೧೮೧೮ರಲ್ಲಿ ಪೇಶ್ವಾಯಿ ಅಳಿಯಿತು. ಆ ಸೀಮೆಯ ಆಡಳಿತವನ್ನು ವಹಿಸಿಕೊಂಡ ಎಲ್ಫಿನ್‌ಸ್ಟನ್ ಮತ್ತು ಅವನ ಅನಂತರ ಬಂದ ಚಾಪ್ಲಿನ್, ಈ ನಿಧಿಯ ಒಂದು ಭಾಗವನ್ನು ಪಾಠಶಾಲೆಗಾಗಿ ಮೀಸಲಿಡುವುದು ಲೇಸೆಂದು ಬಗೆದರು. ಹೊಸ ದೊರೆಗಳ ಮೇಲೆ ಹಳೆಯ ವಿದ್ವಾಂಸರ ಮುನಿಸು ಶಮನವಾಗಲಿ ಎಂಬ ರಾಜಕಾರಣವೂ ಇದರ ಹಿಂದೆ ಇರದಿರಲಿಲ್ಲ. ೧೮೨೧ರ ಅಕ್ಟೋಬರ್ ೬ರಂದು ಎರಡನೆಯ ಬಾಜೀರಾಯನ ವಿಶ್ರಾಮಬಾಗ್ ವಾಡೆಯಲ್ಲಿ ‘ಹಿಂದೂ ಕಾಲೇಜು’ ಆರಂಭವಾಯಿತು. ಕಲಿಸುತ್ತಿದ್ದುದು ವೇದ, ನ್ಯಾಯ, ವ್ಯಾಕರಣ, ಜ್ಯೋತಿಷಾದಿ ಶಾಸ್ತ್ರಗಳು. ಕಲಿಯಲು ಬಾಗಿಲು ತೆರೆದಿದ್ದುದು ಬ್ರಾಹ್ಮಣರಿಗೆ ಮಾತ್ರ. ಎಲ್ಲ ಜಾತಿಯ ತೆರಿಗೆಯಿಂದ ಬೆಳೆದ ಬೊಕ್ಕಸದ ಹಣ ಒಂದೇ ಜಾತಿಯ ಪಾಠಶಾಲೆಗೆ ಸಂದಿತೆಂಬುದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ. ಕಾಲಕ್ರಮದಲ್ಲಿ ಆ ಕಿರಿಬಾಗಿಲು ಅಗಲವಾಯಿತು. ೧೮೫೧ರಲ್ಲಿ ಇಂಗ್ಲಿಷ್ ಶಾಲೆಯೊಡನೆ ಕೂಡಿ ಅದು ‘ಪೂನಾ ಕಾಲೇಜು’ ಆಯಿತು. ಮುಂದೆ ‘ಏಷ್ಯಾದ ಬೆಳಕು’ ಎಂಬ ಬುದ್ಧಚರಿತ ಕಾವ್ಯವನ್ನು ಬರೆದು ಹೆಸರಾದ ಎಡ್ವಿನ್ ಆರ್ನಾಲ್ಡ್ ಕೆಲವು ವರ್ಷ ಅದರ ಪ್ರಿನ್ಸಿಪಾಲನಾಗಿದ್ದ.

ನಗರದ ಗದ್ದಲದಿಂದ ದೂರ, ಮುಳಾ–ಮುಠಾ ನದಿಯಾಚೆಯ ಯೆರವಡೆಯಲ್ಲಿ ಅದಕ್ಕೊಂದು ಸ್ವಂತ ಕಟ್ಟಡವಾಗಬೇಕೆಂದು ನಿರ್ಧಾರವಾಯಿತು. ೧೮೬೪ರಲ್ಲಿ ಮುಂಬಯಿಯ ಗವರ್ನರ್ ಸರ್ ಬಾರ್ಟಲ್ ಫ್ರಿಯರ್ ಅಸ್ತಿಭಾರ ಹಾಕಿದ. ಕಟ್ಟಡದ ವೆಚ್ಚದಲ್ಲಿ ಸುಮಾರು ಅರ್ಧದಷ್ಟು ಬಂದುದು ಮುಂಬಯಿಯ ಪ್ರಸಿದ್ಧ ಪಾರ್ಸಿ ದಾನಿಗಳಾದ ಸರ್ ಜಮಶೇಟ್‌ಜೀ ಜೀಜೀಭಾಯಿಯವರ ಮನೆತನದ ದಾನದಿಂದ. ಈ ‘ಅರ್ಧ’ ಎಂಬ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ೧೮೬೮ರ ಮಾರ್ಚಿಯಲ್ಲಿ ಕಾಲೇಜು ತನ್ನ ಕಲ್ಲಿನ ಸೌಧಕ್ಕೆ ಬಂತು. ‘ಡೆಕ್ಕನ್ ಕಾಲೇಜು’ ಎಂಬ ಹೆಸರು ನೆಲೆಗೊಂಡಿತು. ‘ಡೆಕ್ಕನ್’ ಎಂಬುದು ‘ದಕ್ಷಿಣ’ ಶಬ್ದದ ತದ್ಭವದ ತದ್ಭವ. ಪೂರ್ವಾಭಿಮುಖನಾಗಿ ನಿಂತವನ ಬಲಗಡೆಯ ದಿಕ್ಕು ದಕ್ಷಿಣ. ದಕ್ಷಿಣೆಗೂ ಮೂಲ ಅದೇ ಶಬ್ದ. ದಕ್ಷಿಣೆಯಿಂದ ಹುಟ್ಟಿದ ಕಾಲೇಜಿಗೆ ದಕ್ಷಿಣದ ಹೆಸರು ಬಂದುದು ಕೇವಲ ಕಾಕತಾಳೀಯ. ಆದರೂ ಭಾಷೆ ಕೆಲವೊಮ್ಮೆ ಇತಿಹಾಸಕ್ಕಿಂತ ಚತುರವಾಗಿ ಕಥೆ ಹೆಣೆಯುತ್ತದೆ.

ಅಲ್ಲಿ ಓದಿದವರ ಹೆಸರುಗಳನ್ನು ಹೇಳುತ್ತ ಹೋದರೆ ಆಧುನಿಕ ಮಹಾರಾಷ್ಟ್ರದ ಚರಿತ್ರೆಯನ್ನೇ ಹೇಳಬೇಕಾದೀತು. ವಿಷ್ಣುಶಾಸ್ತ್ರಿ ಚಿಪಳೂಣಕರ, ಬಾಲಗಂಗಾಧರ ಟಿಳಕ, ಗೋಪಾಳ ಗಣೇಶ ಆಗರಕರ, ಇತಿಹಾಸಾಚಾರ್ಯ ರಾಜವಾಡೆ, ಮಹಾಭಾರತದ ಸಂಶೋಧಿತ ಆವೃತ್ತಿಗೆ ದುಡಿದ ಬೇಲವಲಕರ, ಎಲ್ಲರೂ ಅಲ್ಲಿಯವರೇ. ರಾಮಕೃಷ್ಣ ಗೋಪಾಲ ಭಾಂಡಾರಕರರು ಅಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾಗಿದ್ದರು. ಟಿಳಕರು ಮೊದಲ ವರ್ಷವನ್ನು ಪುಸ್ತಕಕ್ಕಿಂತ ಹೆಚ್ಚಾಗಿ ವ್ಯಾಯಾಮ, ಈಜು, ಕುಸ್ತಿಗಳಿಗೆ ಅರ್ಪಿಸಿ, ಕೃಶವಾಗಿದ್ದ ಮೈಯನ್ನು ಕಟ್ಟಿಕೊಂಡರೆಂಬುದು ಪ್ರಸಿದ್ಧ. ಪರೀಕ್ಷೆಯಲ್ಲಿ ಹಿಂದೆ ಬಿದ್ದರೂ ಆ ದೇಹದಾರ್ಢ್ಯ ಮುಂದೆ ಮಂಡಾಲೆಯ ಸೆರೆಯಲ್ಲಿ ಉಪಯೋಗಕ್ಕೆ ಬಂತು. ೧೮೭೭ರಲ್ಲಿ ಗಣಿತದಲ್ಲಿ ಪ್ರಥಮ ವರ್ಗದಲ್ಲಿ ಪದವೀಧರರಾದ ಅವರೂ ಗೆಳೆಯ ಆಗರಕರರೂ ಅಲ್ಲಿದ್ದಾಗಲೇ, ಸರ್ಕಾರದ ಚಾಕರಿಗೆ ಹೋಗದೆ ವಿದ್ಯಾದಾನಕ್ಕೆ ಬಾಳನ್ನು ಮುಡಿಪಾಗಿಡುವ ಮಾತನ್ನಾಡಿಕೊಂಡರು. ಅದರ ಫಲ ೧೮೮೦ರ ನ್ಯೂ ಇಂಗ್ಲಿಷ್ ಸ್ಕೂಲು, ೧೮೮೪ರ ಡೆಕ್ಕನ್ ಎಜುಕೇಶನ್ ಸೊಸೈಟಿ, ೧೮೮೫ರ ಫರ್ಗ್ಯುಸನ್ ಕಾಲೇಜು.

ಇಲ್ಲಿಯೇ ಒಂದು ವಿಚಿತ್ರವಿದೆ. ಡೆಕ್ಕನ್ ಕಾಲೇಜು ಸರ್ಕಾರಿ ಕಾಲೇಜು. ಅದರ ಮಕ್ಕಳೇ ಜನರ ಹಣದಿಂದ, ಅಲ್ಪ ವೇತನಕ್ಕೆ ದುಡಿಯುವ ಅಧ್ಯಾಪಕರಿಂದ ನಡೆಯುವ ಬೇರೊಂದು ಕಾಲೇಜನ್ನು ಅದೇ ಊರಿನಲ್ಲಿ ಕಟ್ಟಿದರು. ನಮ್ಮ ಬೇಂದ್ರೆಯವರು ಪದವಿ ಪಡೆದದ್ದು ಈ ಫರ್ಗ್ಯುಸನ್ನಿನಲ್ಲಿಯೇ. ೧೯೧೬ರಲ್ಲಿ, ಮುಂದೆ ಸರ್ ಪರಶುರಾಮಭಾವು ಕಾಲೇಜೆಂದು ಹೆಸರಾದ ಇನ್ನೊಂದು ಕಾಲೇಜು ಬಂತು. ಮಗಳ ಮನೆ ತುಂಬಿ ತಾಯಿಯ ಮನೆ ಬರಿದಾಗುವಂತೆ, ಜನರ ಕಾಲೇಜುಗಳು ಬೆಳೆದು ನಿಂತ ಊರಿನಲ್ಲಿ ಸರ್ಕಾರ ತಾನೇಕೆ ಇನ್ನೊಂದನ್ನು ಸಾಕಬೇಕು ಎಂಬ ಪ್ರಶ್ನೆಗೆ ಎಡೆಯಾಯಿತು. ಮೇಲಾಗಿ ೧೯೩೦ರ ಅನಂತರದ ವರ್ಷಗಳು ಜಗತ್ತಿನಾದ್ಯಂತ ಆರ್ಥಿಕ ಮುಗ್ಗಟ್ಟಿನ ವರ್ಷಗಳು. ಎಲ್ಲೆಡೆಯೂ ಸರ್ಕಾರಗಳು ವೆಚ್ಚ ಕಡಿತದ ಕತ್ತರಿಯನ್ನು ಹಿಡಿದು ಕುಳಿತಿದ್ದವು. ಆ ಕತ್ತರಿಗೆ ಮೊದಲು ಸಿಗುವುದು ವಿದ್ಯೆಯೇ ಎಂಬುದು ಅಂದಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. ೧೯೩೪ರಲ್ಲಿ ಮುಂಬಯಿ ಸರ್ಕಾರ ಡೆಕ್ಕನ್ ಕಾಲೇಜನ್ನು ಮುಚ್ಚಿತು. ನೂರಹದಿಮೂರು ವರ್ಷಗಳ ಸಂಸ್ಥೆಯ ತರಗತಿಗಳು ಬರಿದಾದುವು.

ಅದರ ಹಳೆಯ ವಿದ್ಯಾರ್ಥಿಗಳು ಆಗ ಏನು ಮಾಡಬಹುದಾಗಿತ್ತು? ಒಂದು ಶೋಕಸಭೆಯನ್ನು ನಡೆಸಬಹುದಾಗಿತ್ತು. ಪತ್ರಿಕೆಗಳಲ್ಲಿ ಸ್ಮೃತಿಲೇಖನಗಳನ್ನು ಬರೆಯಬಹುದಾಗಿತ್ತು; ಬರೆಯಬಲ್ಲವರಿಗೆ ಅವರಲ್ಲಿ ಕೊರತೆಯಿರಲಿಲ್ಲ. ಟಿಳಕರಿದ್ದ ಕೋಣೆಯಿಂದ ಒಂದು ಹಿಡಿ ಮಣ್ಣನ್ನೋ ನದೀತೀರದ ಒಂದು ಚಿತ್ರವನ್ನೋ ಮನೆಗೆ ಒಯ್ಯಬಹುದಾಗಿತ್ತು. ಅವರಲ್ಲಿ ಬಹುಮಂದಿ ವಯಸ್ಸಾದವರು. ಆ ಕಾಲೇಜು ನಿಂತರೂ ಬಿದ್ದರೂ ಅವರ ಪದವಿಗೆ, ವಿಶ್ರಾಂತಿವೇತನಕ್ಕೆ ಕುಂದುಂಟಾಗುತ್ತಿರಲಿಲ್ಲ. ಆದರೂ ಹಳೆಯ ವಿದ್ಯಾರ್ಥಿಗಳ ಸಂಘ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿತು. ಕೌತ್ಸ ಗುರುವಿಗಾಗಿ ದೊರೆಯ ಬಾಗಿಲಿಗೆ ಹೋಗಿ ಬೇಡಿದ. ಇವರು ಗುರುವಿಗಾಗಿ ದೊರೆಯ ಮೇಲೆಯೇ ವ್ಯಾಜ್ಯ ಹೂಡಿದರು.

ವ್ಯಾಜ್ಯದ ಕಾನೂನು ಸೂಕ್ಷ್ಮಗಳನ್ನು ವಕೀಲರಿಗೆ ಬಿಡೋಣ. ಅದರ ಒಳಗಿದ್ದ ನೈತಿಕ ಪ್ರಶ್ನೆಯನ್ನು ಮಾತ್ರ ಯಾರಾದರೂ ತಿಳಿಯಬಹುದು. ಹಿಂದೆ ನೆನಪಿನಲ್ಲಿಡಲು ಹೇಳಿದ ‘ಅರ್ಧ’ ಇಲ್ಲಿ ಮುಂದಕ್ಕೆ ಬರುತ್ತದೆ. ಕಾಲೇಜಿನ ಬೇರಿನಲ್ಲಿ ವಿದ್ವಾಂಸರಿಗೆಂದು ಮೀಸಲಿಟ್ಟ ದಕ್ಷಿಣೆಯ ಹಣವಿತ್ತು. ಗೋಡೆಗಳಲ್ಲಿ ಇದು ವಿದ್ಯಾಮಂದಿರವಾಗಿರಲಿ ಎಂದು ದಾನಿಯೊಬ್ಬರ ಮನೆತನ ಕೊಟ್ಟ ಹಣವಿತ್ತು. ಆ ಹಣವನ್ನು ಸ್ವೀಕರಿಸಿದ ಸರ್ಕಾರ ಆ ಕಟ್ಟಡದ ಒಡೆಯನೋ, ಅಥವಾ ಕಾವಲುಗಾರನೋ? ಒಡೆಯನಾದವನು ತನ್ನ ಮನೆಗೆ ಬೀಗ ಹಾಕಬಹುದು. ಪರರ ನಿಕ್ಷೇಪವನ್ನು ಕಾಯುವವನಿಗೆ ಆ ಸ್ವಾತಂತ್ರ್ಯವಿಲ್ಲ. ಐದು ವರ್ಷಗಳ ಬಳಿಕ ಫಲ ಹಳೆಯ ವಿದ್ಯಾರ್ಥಿಗಳ ಪರವಾಗಿ ದೊರೆಯಿತು. ೧೯೩೯ರ ಆಗಸ್ಟ್ ೧೭ರಂದು ಕಾಲೇಜಿನ ಬಾಗಿಲು ಮತ್ತೆ ತೆರೆಯಿತು. ಅದಾದ ಎರಡು ವಾರಗಳಿಗೆ ಎರಡನೆಯ ಮಹಾಯುದ್ಧ ಸಿಡಿಯಿತು; ನವೆಂಬರಿನಲ್ಲಿ ಮುಂಬಯಿಯ ಖೇರ್ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಇನ್ನೊಂದಿಷ್ಟು ತಡವಾಗಿದ್ದರೆ ಆ ಬಾಗಿಲು ತೆರೆಯುತ್ತಿತ್ತೋ ಇಲ್ಲವೋ ಯಾರು ಬಲ್ಲರು!

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹಳೆಯ ವಿದ್ಯಾರ್ಥಿಗಳು ಕೊಟ್ಟದ್ದು ಹಣವಲ್ಲ. ವ್ಯಾಜ್ಯಕ್ಕೆ ಹಣ ಬೇಕಾಗಿದ್ದಿರಬೇಕು, ನಿಜ. ಆದರೆ ಆ ಕಾಲೇಜನ್ನು ಉಳಿಸಿದ್ದು ನೆನಪು. ನೆನಪೆಂದರೆ ಹುಣಸೆಮರದ ಕೆಳಗಿನ ಹರಟೆಯ ನೆನಪಲ್ಲ. ಯಾರು, ಯಾವಾಗ, ಯಾವ ಉದ್ದೇಶಕ್ಕಾಗಿ, ಎಷ್ಟು ಕೊಟ್ಟರು ಎಂಬ ದಫ್ತರದ ನೆನಪು. ಸರ್ಕಾರದ ಕಾರ್ಯದರ್ಶಿಗಳು ಮೂರು ವರ್ಷಗಳಿಗೊಮ್ಮೆ ಬದಲಾಗುತ್ತಾರೆ. ಪ್ರಿನ್ಸಿಪಾಲರು ಬರುತ್ತಾರೆ, ಹೋಗುತ್ತಾರೆ. ನಮ್ಮಂಥ ಅಧ್ಯಾಪಕರಿಗೂ ಒಂದು ದಿನ ನಿವೃತ್ತಿಯುಂಟು; ಸಂಬಳ ಕೊಡುವವರ ವಿರುದ್ಧ ನಾಲಗೆಯೂ ಅಷ್ಟಾಗಿ ಏಳುವುದಿಲ್ಲ. ಸಂಸ್ಥೆಯೊಂದಿಗೆ ಬಾಳಿನುದ್ದಕ್ಕೂ ನಂಟುಳ್ಳವರು, ಮತ್ತು ಅದರಿಂದ ಇನ್ನೇನನ್ನೂ ಅಪೇಕ್ಷಿಸಬೇಕಾಗಿಲ್ಲದವರು ಎಂದರೆ ಹಳೆಯ ವಿದ್ಯಾರ್ಥಿಗಳು ಮಾತ್ರ. ಕಾಲೇಜಿಗೆ ಕೊಟ್ಟ ಮಾತನ್ನು ಕೊಟ್ಟವನು ಮರೆತಾಗ ನೆನಪಿಸುವ ಹಕ್ಕು ಅವರಿಗಿದೆ.

ಹೀಗೆ ಗೆದ್ದು ಪಡೆದ ಕಾಲೇಜು ಅವರು ಕಳೆದುಕೊಂಡ ಕಾಲೇಜಾಗಿರಲಿಲ್ಲ ಎಂಬುದು ಕಥೆಯ ಇನ್ನೊಂದು ಭಾಗ. ನನಗಂತೂ ಹೆಚ್ಚು ಪ್ರಿಯವಾದ ಭಾಗ. ೧೯೩೯ರಲ್ಲಿ ತೆರೆದದ್ದು ‘ಸ್ನಾತಕೋತ್ತರ ಮತ್ತು ಸಂಶೋಧನ ಸಂಸ್ಥೆ’. ಬಿ.ಎ. ತರಗತಿಗಳಿಲ್ಲ, ಗದ್ದಲ ಮಾಡುವ ತರುಣರಿಲ್ಲ. ಅವರ ಜಾಗದಲ್ಲಿ ಭಾಷಾಶಾಸ್ತ್ರ, ವೈದಿಕ ಸಂಸ್ಕೃತ, ಪ್ರಾಚೀನ ಇತಿಹಾಸ, ಸಮಾಜಶಾಸ್ತ್ರ ಎಂದು ಕೆಲವೇ ಶಾಖೆಗಳು. ಒಂದೊಂದರಲ್ಲಿಯೂ ಬೆರಳೆಣಿಕೆಯ ವಿದ್ವಾಂಸರು. ತಮ್ಮ ಯೌವನವನ್ನು ಕಳೆದ ಅಂಗಳಕ್ಕೆ ಮರಳಿ ಬಂದ ಮುದುಕರಿಗೆ ಅಲ್ಲಿ ಕಾಣಿಸಿದ್ದು ಚೀಟಿಗಳನ್ನು ಜೋಡಿಸುವವರು, ಕಲ್ಲಿನ ಕೊಡಲಿಗಳನ್ನು ತೊಳೆಯುವವರು. ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಎಂಬ ನಿಟ್ಟುಸಿರಿಗೆ ಇದಕ್ಕಿಂತ ಹೆಚ್ಚಿನ ಅವಕಾಶ ಎಲ್ಲಿ ಸಿಕ್ಕೀತು! ಆದರೆ ಮಾತೃಸಂಸ್ಥೆಯನ್ನು ಪ್ರೀತಿಸುವುದೆಂದರೆ ತನ್ನ ಹದಿನೆಂಟನೆಯ ವಯಸ್ಸನ್ನು ಪ್ರೀತಿಸುವುದಲ್ಲವಷ್ಟೆ. ಭಾಷಾಶಾಸ್ತ್ರಕ್ಕೆ ಸುಮಿತ್ರ ಮಂಗೇಶ ಕತ್ರೆ, ಪುರಾತತ್ತ್ವಕ್ಕೆ ಹಸಮುಖ ಸಾಂಕಳಿಯಾ, ಸಮಾಜಶಾಸ್ತ್ರಕ್ಕೆ ‘ಯುಗಾಂತ’ದ ಲೇಖಕಿ ಇರಾವತಿ ಕರ್ವೆ ಬಂದು, ಕೆಲವೇ ವರ್ಷಗಳಲ್ಲಿ ಆ ಹಳೆಯ ಕಟ್ಟಡ ದೇಶವಿದೇಶಗಳ ವಿದ್ವಾಂಸರಿಗೆ ಯಾತ್ರಾಸ್ಥಳವಾಯಿತು.

ಕನ್ನಡಕ್ಕೆ ಅದರಿಂದ ಸಂದದ್ದೇನು ಎಂದು ಕೇಳುವುದು ಕನ್ನಡ ಅಧ್ಯಾಪಕನಿಗೆ ಸಹಜ. ಮರುಹುಟ್ಟಿದ ಡೆಕ್ಕನ್ ಕಾಲೇಜು ತನ್ನ ವಿದ್ಯಾರ್ಥಿಗಳ ಪ್ರೌಢಪ್ರಬಂಧಗಳನ್ನು ಅಚ್ಚು ಹಾಕಿಸಲು ಒಂದು ಮಾಲೆಯನ್ನು ಆರಂಭಿಸಿತು. ೧೯೪೬ರಲ್ಲಿ ಹೊರಬಂದ ಆ ಮಾಲೆಯ ಮೊಟ್ಟಮೊದಲ ಗ್ರಂಥ ಮರಾಠಿಯನ್ನು ಕುರಿತದ್ದಲ್ಲ, ಸಂಸ್ಕೃತವನ್ನು ಕುರಿತದ್ದೂ ಅಲ್ಲ. ಅದು ಜಿ. ಎಸ್. ಗಾಯಿಯವರ ಹಳಗನ್ನಡದ ಚಾರಿತ್ರಿಕ ವ್ಯಾಕರಣ. ಎಂಟು, ಒಂಬತ್ತು, ಹತ್ತನೆಯ ಶತಮಾನಗಳ ಕನ್ನಡ ಶಾಸನಗಳನ್ನೇ ಆಧಾರವಾಗಿಟ್ಟುಕೊಂಡು, ಕವಿಗಳ ಭಾಷೆಯಲ್ಲದ, ಕಲ್ಲಿನ ಮೇಲಿನ ಭಾಷೆಯ ಧ್ವನಿ, ಪ್ರತ್ಯಯ, ಕ್ರಿಯಾರೂಪಗಳನ್ನು ಅದು ಬಿಡಿಸಿ ತೋರಿಸುತ್ತದೆ. ಆರು, ಏಳನೆಯ ಶತಮಾನಗಳ ಶಾಸನಗಳ ವ್ಯಾಕರಣವನ್ನು ಎ. ಎನ್. ನರಸಿಂಹಯ್ಯನವರು ಅದಕ್ಕೆ ಮೊದಲೇ ೧೯೪೧ರಲ್ಲಿ ಕೊಟ್ಟಿದ್ದರು. ಈ ಎರಡು ಪುಸ್ತಕಗಳನ್ನು ಪಕ್ಕದಲ್ಲಿಟ್ಟುಕೊಳ್ಳದೆ ಹಳಗನ್ನಡದ ಬೆಳವಣಿಗೆಯನ್ನು ಎಂ.ಎ. ತರಗತಿಯಲ್ಲಿ ಪಾಠ ಹೇಳುವುದು ಕಷ್ಟ. ಗಾಯಿಯವರು ಮುಂದೆ ಭಾರತ ಸರ್ಕಾರದ ಪ್ರಧಾನ ಶಾಸನತಜ್ಞರಾದರು. ೧೯೩೪ರ ಬೀಗ ಹಾಗೆಯೇ ಉಳಿದಿದ್ದರೆ ಆ ವ್ಯಾಕರಣ ಬೇರೆಲ್ಲಿಯಾದರೂ ಹುಟ್ಟುತ್ತಿತ್ತೇನೋ, ಹುಟ್ಟಿದ್ದಂತೂ ಅಲ್ಲಿ.

ಮಾಲೆ ಮುಂದುವರಿಯಿತು. ಬಳ್ಳಾರಿಯ ಬಳಿಯ ಸಂಗನಕಲ್ಲಿನ ಬೆಟ್ಟದಲ್ಲಿ ಅಗೆದು ಬಿ. ಸುಬ್ಬರಾವ್ ಬರೆದ ಬಳ್ಳಾರಿ ಸೀಮೆಯ ಶಿಲಾಯುಗ ಸಂಸ್ಕೃತಿಗಳ ಗ್ರಂಥ ೧೯೪೮ರಲ್ಲಿ ಬಂತು. ತೆಕ್ಕಲಕೋಟೆಯ ಶಿಲಾಯುಗದ ಗುಡ್ಡವಾಸಿಗಳನ್ನು ಕುರಿತ, ಎಂ. ಎಸ್. ನಾಗರಾಜರಾವ್ ಮತ್ತು ಮಲ್ಹೋತ್ರಾ ಅವರ ಪುಸ್ತಕ ೧೯೬೫ರಲ್ಲಿ ಅಲ್ಲಿಂದಲೇ ಪ್ರಕಟವಾಯಿತು. ಹುಣಸಗಿಯ ಸುತ್ತಣ ಕಣಿವೆಗಳಲ್ಲಿ ಆದಿಮಾನವನ ಜಾಡನ್ನು ಹಿಡಿದು ಹಲವು ದಶಕಗಳ ಕಾಲ ನಡೆದ ಕೆ. ಪದ್ದಯ್ಯನವರೂ ಆ ಸಂಸ್ಥೆಯವರೇ. ಭಾಷೆಯ ಕಡೆಗೆ ಬಂದರೆ, ವಿಲಿಯಂ ಬ್ರೈಟರ ಆಡುಗನ್ನಡದ ರೂಪರೇಖೆ ೧೯೫೮ರಲ್ಲಿಯೂ, ಡಿ. ಎನ್. ಶಂಕರ ಭಟ್ಟರ ತುಳು ವರ್ಣನಾತ್ಮಕ ವ್ಯಾಕರಣ ೧೯೬೭ರಲ್ಲಿಯೂ ಅಲ್ಲಿ ಅಚ್ಚಾದವು. ಹಾಲಕ್ಕ ಒಕ್ಕಲಿಗರ ಕನ್ನಡ, ನಂಜನಗೂಡಿನ ಕನ್ನಡ, ಗುಲ್ಬರ್ಗದ ಕನ್ನಡ, ಬಾರಕೂರಿನ ಕನ್ನಡ ಎಂದು ಒಂದೊಂದು ಸೀಮೆಯ ನುಡಿಗೂ ಒಂದೊಂದು ಪುಸ್ತಕ ಬಂತು. ಶಿಷ್ಟರು ಕೇಳಿ ನಗುತ್ತಿದ್ದ ಮಾತುಗಳನ್ನು ಶಾಸ್ತ್ರಕ್ಕೆ ಯೋಗ್ಯವೆಂದು ಕಿವಿಗೊಟ್ಟು ಬರೆದುಕೊಂಡ ಕೆಲಸ ಅದು. ಹಿಂದೊಮ್ಮೆ ಒಂದೇ ಜಾತಿಯ ವಟುಗಳಿಗೆಂದು ತೆರೆದಿದ್ದ ಪಾಠಶಾಲೆ, ಅಂಕೋಲೆ ಕುಮಟೆಗಳ ಕಡೆಯ ಹಾಲಕ್ಕಿ ಹೆಂಗಸಿನ ಮಾತನ್ನು ಪಾಠವಾಗಿ ಸ್ವೀಕರಿಸಿದ ದೂರವನ್ನು ಅಳೆದರೆ ಆಶ್ಚರ್ಯವಾಗುತ್ತದೆ. ಮುಂಬಯಿ ಸರ್ಕಾರದೊಡನೆ ಸೆಣಸಿದ ಆ ಹಳೆಯ ವಕೀಲರು, ನಿವೃತ್ತ ಅಧಿಕಾರಿಗಳು ಇದನ್ನೆಲ್ಲ ಊಹಿಸಿಯೂ ಇರಲಾರರು.

ನಮ್ಮ ಕಾಲೇಜುಗಳ ಕಡೆಗೆ ತಿರುಗಿದರೆ, ನಾವು ಹಳೆಯ ವಿದ್ಯಾರ್ಥಿಗಳಿಂದ ಕೇಳುತ್ತಿರುವುದು ಹೆಚ್ಚಾಗಿ ಬಣ್ಣ, ಬೀರು, ಫ್ಯಾನು, ಕಂಪ್ಯೂಟರು. ಕೊಟ್ಟವರ ಹೆಸರನ್ನು ಅವುಗಳ ಮೇಲೆ ಬರೆಸುತ್ತೇವೆ. ತಪ್ಪೇನಿಲ್ಲ, ಸೆಖೆಯಲ್ಲಿ ಪಾಠ ಹೇಳುವವನಿಗೆ ಫ್ಯಾನಿನ ಬೆಲೆ ಗೊತ್ತು. ಆದರೆ ಹೆಚ್ಚು ತುರ್ತಾದ ಕೆಲಸವೊಂದಿದೆ. ಯಾವ ಹಳೆಯ ಕಾಲೇಜಿನ ಕಚೇರಿಗೆ ಹೋದರೂ ದತ್ತಿಗಳ ಒಂದು ವಹಿ ಸಿಗುತ್ತದೆ. ಕನ್ನಡದಲ್ಲಿ ಹೆಚ್ಚು ಅಂಕ ಗಳಿಸಿದವರಿಗೆ ಚಿನ್ನದ ಪದಕ, ಬಡ ವಿದ್ಯಾರ್ಥಿಗೆ ಪುಸ್ತಕ, ಹಳ್ಳಿಯಿಂದ ಬಂದ ಹುಡುಗಿಗೆ ಶುಲ್ಕ ಎಂದು ಯಾರೋ ನಿವೃತ್ತ ಮಾಸ್ತರರು, ಮಗನನ್ನು ಕಳೆದುಕೊಂಡ ಯಾವುದೋ ತಾಯಿ ಇಟ್ಟ ಠೇವಣಿಗಳು ಅವು. ಸಾವಿರ ರೂಪಾಯಿಗೆ ಶೇಕಡಾ ಆರರಂತೆ ವರ್ಷಕ್ಕೆ ಬರುವ ಬಡ್ಡಿ ಅರವತ್ತು ರೂಪಾಯಿ. ೧೯೬೦ರ ಸುಮಾರಿಗೆ ಅದರಲ್ಲಿ ಒಂದು ಸಣ್ಣ ಪದಕಕ್ಕೆ ಬೇಕಾದ ಬಂಗಾರ ಬರುತ್ತಿತ್ತು. ಇಂದು ಪದಕವನ್ನಿಡುವ ಡಬ್ಬಿಯೂ ಬಾರದು. ಹಾಗಾಗಿ ಚಿನ್ನದ ಪದಕ ಮೊದಲು ಚಿನ್ನದ ನೀರಿನ ಪದಕವಾಯಿತು, ಆಮೇಲೆ ಪ್ರಶಸ್ತಿಪತ್ರವಾಯಿತು, ಕೊನೆಗೆ ವಹಿಯಲ್ಲಿ ಒಂದು ಸಾಲಾಗಿ ಉಳಿಯಿತು. ಯಾರೂ ಮೋಸ ಮಾಡಲಿಲ್ಲ. ಯಾರೂ ನೆನಪಿಟ್ಟುಕೊಳ್ಳಲಿಲ್ಲ, ಅಷ್ಟೆ.

ಕನ್ನಡದ ತರಗತಿಯೇ ಇಂಥ ಒಂದು ದತ್ತಿಯಂತಾಗುತ್ತಿದೆ. ಎಷ್ಟೋ ಕಡೆಗಳಲ್ಲಿ ಐಚ್ಛಿಕ ಕನ್ನಡವನ್ನು ಆರಿಸಿಕೊಳ್ಳುವ ವಿದ್ಯಾರ್ಥಿಗಳು ಒಂದು ಬೆಂಚಿಗೆ ಸಾಲದಷ್ಟಿದ್ದಾರೆ. ಸಂಖ್ಯೆ ಸಾಲದೆಂಬ ಕಾರಣದಿಂದ ಒಂದು ವಿಭಾಗವನ್ನು ಮುಚ್ಚುವಾಗ ಶಬ್ದವಾಗುವುದಿಲ್ಲ. ನಿವೃತ್ತರಾದವರ ಸ್ಥಾನವನ್ನು ತುಂಬದೆ ಬಿಟ್ಟರೆ ಸಾಕು. ಅದೇ ವಿಭಾಗದಲ್ಲಿ ಓದಿ ಲೇಖಕರಾದವರು, ಅಧಿಕಾರಿಗಳಾದವರು, ಹೊರದೇಶಗಳಲ್ಲಿ ಕನ್ನಡ ಸಂಘಗಳನ್ನು ಕಟ್ಟಿದವರು ಸಮ್ಮಿಲನಕ್ಕೆ ಬಂದಾಗ ಕೊಠಡಿಗಳ ಬಣ್ಣವನ್ನು ಮೆಚ್ಚಿ ಹೋಗುತ್ತಾರೆ. ಪೂರ್ಣಾವಧಿಯ ಅಧ್ಯಾಪಕರು ಎಷ್ಟು ಮಂದಿ ಉಳಿದಿದ್ದಾರೆ, ಗ್ರಂಥಾಲಯಕ್ಕೆ ಕಳೆದ ವರ್ಷ ಎಷ್ಟು ಕನ್ನಡ ಪುಸ್ತಕ ಬಂತು, ತಮ್ಮ ಗುರುಗಳ ಹೆಸರಿನ ದತ್ತಿ ಏನಾಯಿತು ಎಂದು ಅವರಲ್ಲಿ ಒಬ್ಬರು ಕೇಳಿದರೂ ಕಚೇರಿಯಲ್ಲಿ ಒಂದು ಕಡತ ಮೇಲೇಳುತ್ತದೆ. ವ್ಯಾಜ್ಯ ಹೂಡಬೇಕೆಂದಿಲ್ಲ. ಕೇಳುವವರಿದ್ದಾರೆ ಎಂಬುದು ಗೊತ್ತಾದರೆ ಹಲವು ಬೀಗಗಳು ಬೀಳುವುದೇ ಇಲ್ಲ.

ಡೆಕ್ಕನ್ ಕಾಲೇಜು ೧೯೯೦ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾಯಿತು. ೨೦೨೧ಕ್ಕೆ ಅದಕ್ಕೆ ಇನ್ನೂರು ವರ್ಷ ತುಂಬಿತು. ಅಲ್ಲಿ ೧೯೪೮ರಲ್ಲಿ ಕತ್ರೆಯವರು ಒಂದು ಸಂಸ್ಕೃತ ನಿಘಂಟಿನ ಕೆಲಸವನ್ನು ಆರಂಭಿಸಿದರು. ವೇದದಿಂದ ಹಿಡಿದು ಸುಮಾರು ಒಂದೂವರೆ ಸಾವಿರ ಗ್ರಂಥಗಳನ್ನು ಜಾಲಾಡಿ, ಒಂದೊಂದು ಶಬ್ದವೂ ಎಲ್ಲಿ ಯಾವಾಗ ಯಾವ ಅರ್ಥದಲ್ಲಿ ಬಂದಿದೆಯೆಂದು ಚೀಟಿಗಳ ಮೇಲೆ ಬರೆದಿಟ್ಟರು. ಚೀಟಿಗಳ ಸಂಖ್ಯೆ ಕೋಟಿಯ ಹತ್ತಿರ ಬಂತು. ಮೊದಲ ಸಂಪುಟ ಅಚ್ಚಾದದ್ದು ೧೯೭೬ರಲ್ಲಿ, ಎ. ಎಂ. ಘಾಟಗೆಯವರ ಸಂಪಾದಕತ್ವದಲ್ಲಿ. ಅಂದಿನಿಂದ ಮೂವತ್ತಕ್ಕೂ ಹೆಚ್ಚು ಭಾಗಗಳು ಬಂದಿವೆ; ಕೆಲಸ ಇನ್ನೂ ಅಕಾರದಲ್ಲಿಯೇ ಇದೆ. ಇಂದು ಅಲ್ಲಿ ಕುಳಿತು ಚೀಟಿಗಳನ್ನು ಬಿಡಿಸುತ್ತಿರುವವರಲ್ಲಿ ಯಾರೂ ‘ದ’ಕಾರದವರೆಗೆ ತಾವು ತಲಪುತ್ತೇವೆಂದು ಎಣಿಸಿರಲಾರರು. ‘ದಕ್ಷಿಣಾ’ ಶಬ್ದದ ಚೀಟಿಗಳು ಅವರ ಶಿಷ್ಯರ ಶಿಷ್ಯರಿಗಾಗಿ ಗೂಡುಗಳಲ್ಲಿ ಕಾಯುತ್ತಿವೆ.